ಕರುವಿಗೆ ಬಿಡದ ಪಿಶಾಚಿಗಳು

ನಮ್ಮ ಸೋದರತ್ತೆಗೆ ಅರ್ಥವಾಗದ ಸಿನಿಮಾ ಈ ಭೂಮಿಯ ಮೇಲಿಲ್ಲ. ಅವರ ಪಕ್ಕ ಕೂತು ನೋಡಿದವರಿಗೆ ಅರ್ಥವಾದ ಸಿನಿಮಾವೂ ಇಲ್ಲ! ಮೊದಲ ದೃಶ್ಯಕ್ಕೆ ಶುರುವಾದ ಬೈಗುಳ ಮುಗಿಯುವುದು ಟೀವಿ ಆರಿಸಿದ ಮೇಲೆಯೇ. ನಾಯಕ ದಂಡಪಿಂಡ, ನಾಯಕಿಗೆ ಮನೆಯಲ್ಲಿ ಊಟ ಹಾಕುವವರಿಲ್ಲ, ಖಳನಿಗೆ ಹೇಳುವವರು ಕೇಳುವವರು ಇಲ್ಲವೇ ಇಲ್ಲ.

ಹೋದ ಭಾನುವಾರ ಬೀರೂರಿನ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಬಾಗಿಲ ಮೇಲೆ. ಬಾಣಂತನಕ್ಕೆ ಬಂದಿದ್ದ ತಂಗಿಗೆ ಹೆರಿಗೆಯಾಗಿ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಅಷ್ಟರಲ್ಲೇ ಅವಳ ಗಂಡನ ತಾಯಿ, ನಮ್ಮ ಬೀಗಿತ್ತಿ, ಅವತ್ತೇ ಅಜ್ಜಂಪುರದಿಂದ ಬಂದು ಕರೆದೊಯ್ಯುತ್ತೇನೆ ಎಂದು ಹೇಳಿಕಳಿಸಿದ್ದರು. ಐದು ತಿಂಗಳಿಗೆ ಕಳಿಸುವುದು ನಮ್ಮ ಕಡೆಯ ಪದ್ಧತಿ. ಆದರೆ ಅವರ ಮನೆಯಲ್ಲಿ ಕೆಲಸಕ್ಕೆ ಕೈ ಸಾಲದಂತೆ! ತಂಗಿ ಕೋಣೆಯಲ್ಲಿ ಅಳುತ್ತಿದ್ದಳು. ಅಪ್ಪನೋ, ಬೀಗರೆಂದರೆ ಬಾಯೇ ಬಿಡದ ಮನುಷ್ಯ. ಹೊತ್ತು ಹೋಗದೆ ನಾನು ಟೀವಿ ಹಾಕಿದೆ; ಬಾಣಂತಿಯನ್ನು ನೋಡಲು ಬಂದಿದ್ದ ಸೋದರತ್ತೆ ಪಕ್ಕದಲ್ಲಿ ಬಂದು ಕೂತರು.

ಕನ್ನಡಕ್ಕೆ ಡಬ್ ಆದ ಇಂಗ್ಲಿಷ್ ಸಿನಿಮಾ. ಮುಂದೊಂದು ಕಾಲದಲ್ಲಿ ರಕ್ತ ಕುಡಿಯುವ ಪಿಶಾಚಿಗಳೇ ಲೋಕವನ್ನು ಆಳುತ್ತವೆ. ಅಳಿದುಳಿದ ಮನುಷ್ಯರನ್ನು ಶೆಡ್ಡಿನಲ್ಲಿ ಸಾಲಾಗಿ ಕಟ್ಟಿ, ಕೊಳವೆ ಚುಚ್ಚಿ ರಕ್ತ ಹಿಂಡುತ್ತವೆ. ಕೋಟು ತೊಟ್ಟ ಸಾಹುಕಾರ ಪಿಶಾಚಿಗಳಿಗೆ ಲೋಟಗಟ್ಟಲೆ, ಬಡ ಪಿಶಾಚಿಗಳಿಗೆ ಕ್ಯೂ! ಈಗ ರಕ್ತವೇ ಮುಗಿಯುತ್ತಾ ಬಂದಿದೆ.

"ಅತ್ತೆ, ಇದು ಬಂಡವಾಳಶಾಹಿಯ ಕಥೆ" ಎಂದು ನನ್ನ ಪಾಂಡಿತ್ಯ ಬಿಚ್ಚಿದೆ.

ಸಿಂಗಟಗೆರೆಯಲ್ಲಿ ಹಸು ಕಟ್ಟಿಕೊಂಡೇ ಬಾಳಿದ ಅತ್ತೆ ಸಿಡಿದರು. "ಯಾವ ಶಾಹಿನೂ ಅಲ್ಲ ಕಣೋ. ಹಾಲು ಕರೆಯೋಕೆ ಬರ್ದಿರೋ ಮುಂಡೇವು! ನಾಲ್ಕು ಮೊಲೇಲಿ ಒಂದನ್ನ ಕರುಗೆ ಬಿಡ್ಬೇಕು ಅನ್ನೋ ಜ್ಞಾನ ಇಲ್ಲ. ಹಿಂಡಿ ಇಕ್ಕಿಲ್ಲ, ಮೈ ತೊಳ್ದಿಲ್ಲ, ಬರೀ ಹಿಂಡೋದು! ಇವಕ್ಕೆ ಕೋಟು ಬೇರೆ ಕೇಡು!"

ಅಷ್ಟರಲ್ಲಿ ಬೀಗಿತ್ತಿ ಬಂದರು. ಕಾಫಿ ಕುಡಿಯುತ್ತಾ ಟೀವಿ ನೋಡಿ, "ಅಯ್ಯೋ ಶಿವನೇ, ಎಂಥಾ ಕಟುಕರು!" ಎಂದು ಲೊಚಗುಟ್ಟಿದರು. ಲೋಟ ಕೆಳಗಿಟ್ಟು, "ಹುಡುಗಿ ಬಟ್ಟೆ ಕಟ್ರಿ, ಬಸ್ಸಿಗೆ ಹೊತ್ತಾಯ್ತು. ನಮ್ಮನೇಲಿ ಅವಳೇನು ಬೆಟ್ಟ ಹೊರ್ಬೇಕಾ? ಅಡಿಗೆ, ಮುಸುರೆ, ಕೊಟ್ಟಿಗೆ, ಅಷ್ಟೇ" ಎಂದರು. ಅಷ್ಟೇ ಅಂತೆ! ಅಪ್ಪ ನೆಲ ನೋಡುತ್ತಾ ಕೂತರು.

ಈಗ ಅತ್ತೆ ಬೀಗಿತ್ತಿಯ ಮೇಲೆ ಎಗರುತ್ತಾರೆ ಎಂದುಕೊಂಡೆ. ಅವರು ತಿರುಗಿದ್ದು ಅಪ್ಪನ ಕಡೆಗೆ. ದನಿ ಸಣ್ಣಗಾಗಿತ್ತು.

"ಅಣ್ಣಾ, ನನ್ನನ್ನೂ ಹಿಂಗೇ ಹಸಿ ಮೈಯಲ್ಲಿ ಕರ್ಕೊಂಡ್ಹೋದ್ರು. ದುಡ್ದು ದುಡ್ದು ಎದೆಹಾಲು ಬತ್ತೋಯ್ತು. ಕೂಸು ಉಳೀಲಿಲ್ಲ. ಅವತ್ತು ನೀನು ಬಾಗಿಲಲ್ಲೇ ನಿಂತಿದ್ದೆ. ಏನಾದ್ರೂ ಹೇಳ್ತೀಯೇನೋ ಅಂತ ಬಸ್ಸು ಹತ್ತೋವರ್ಗೂ ನಿನ್ನ ಮುಖನೇ ನೋಡ್ತಿದ್ದೆ ಕಣೋ."

ಅತ್ತೆಗೆ ಮಕ್ಕಳೇ ಆಗಿರಲಿಲ್ಲವೆಂದು ನಾನು ತಿಳಿದಿದ್ದೆ. ಎದ್ದು ಟೀವಿ ಆರಿಸಿದೆ.

ಅಪ್ಪ ಎದ್ದು ಬೀಗಿತ್ತಿಗೆ ಕೈ ಮುಗಿದರು. "ಬೇಜಾರು ಮಾಡ್ಕೋಬೇಡಿ. ಐದು ತಿಂಗಳಾಗ್ಲಿ, ನಾನೇ ಕರ್ಕೊಂಡು ಬತ್ತೀನಿ. ಈಗ ಮಗಳನ್ನ ಕಳ್ಸಲ್ಲ."

ಬೀಗಿತ್ತಿ ಮುಖ ಊದಿಸಿಕೊಂಡು ಬಸ್ಸಿಗೆ ನಡೆದರು. ತಂಗಿ ಕೋಣೆಯಿಂದ ಬಂದು ಕೂಸನ್ನು ಅತ್ತೆಯ ಮಡಿಲಿಗೆ ಹಾಕಿದಳು. ಅತ್ತೆ ಅದನ್ನು ಎದೆಗವಚಿಕೊಂಡು, ಸಂಜೆಯವರೆಗೂ ಯಾರ ಕೈಗೂ ಕೊಡಲಿಲ್ಲ.