ಮಾವನವರ ಚಾಕು ವಿಮಾನ ಹತ್ತಿದ್ದು

ಊರಿಗೆ ಹೊರಡುವ ಸುದ್ದಿಯನ್ನು ಕದ್ದುಮುಚ್ಚಿ ಇಡುವವನು ನಾನು. ದೆಹಲಿಯ ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಕನ್ನಡದವರ ಮನೆಗಳು ಬೇಕಾದಷ್ಟಿವೆ. ಯಾರಾದರೂ ಬೆಂಗಳೂರಿನ ವಿಮಾನ ಹತ್ತುತ್ತಾರೆಂದು ಗೊತ್ತಾದರೆ ಮುಗಿಯಿತು, ಸಂಜೆಯೊಳಗೆ ಬಾಗಿಲ ಮುಂದೆ ಪೊಟ್ಟಣಗಳ ಮೆರವಣಿಗೆ. ‘ನಮ್ಮ ನಾದಿನಿಗೆ ಒಂದೇ ಒಂದು ಸ್ವೆಟರ್, ಭಾರವೇ ಇಲ್ಲ ನೋಡಿ!’ ಈ ಕಾಟ ತಪ್ಪಿಸಿಕೊಳ್ಳಲೆಂದೇ ನಾನು ಲ್ಯಾಪ್‌ಟಾಪ್ ಚೀಲವೊಂದನ್ನು ಬಿಟ್ಟು ಬೇರೇನೂ ಒಯ್ಯುತ್ತಿರಲಿಲ್ಲ. ಅಂಗಿ, ಟವೆಲ್ಲು ಎಲ್ಲ ಅದರಲ್ಲೇ ತುರುಕಿ, ‘ಜಾಗ ಎಲ್ಲಿದೆ, ನೀವೇ ಹೇಳಿ’ ಎಂದು ತೋರಿಸಿಬಿಡುತ್ತಿದ್ದೆ. ಸ್ವಾರ್ಥಿ ಎನ್ನಿ, ನನಗೇನೂ ಬೇಜಾರಿಲ್ಲ.

ಆ ಚಳಿಗಾಲದಲ್ಲಿ ಮಾವನವರು ನಮ್ಮಲ್ಲಿ ಒಂದು ತಿಂಗಳಿದ್ದು ಬೆಂಗಳೂರಿಗೆ ಹಿಂದಿರುಗುವಾಗ ತಮ್ಮ ಜೇಬುಚಾಕು ಮರೆತುಹೋದರು. ಸೇನೆಯಲ್ಲಿ ಸುಬೇದಾರರಾಗಿದ್ದವರು, ಆ ಚಾಕುವಿನಲ್ಲಿ ಸುಲಿಯದ ಕಿತ್ತಳೆ ಅವರಿಗೆ ಕಿತ್ತಳೆಯೇ ಅಲ್ಲ. ‘ಮುಂದಿನ ವಾರ ಮೀಟಿಂಗಿಗೆ ಹೋಗ್ತೀರಲ್ಲ, ಕೊಟ್ಟು ಬನ್ನಿ. ಇದೊಂದನ್ನಾದ್ರೂ ತಲುಪಿಸಿ’ ಎಂದಳು ಹೆಂಡತಿ. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಮಾವನವರಿಗೆಂದು ಹೊರಟ ಒಂದು ವಸ್ತುವೂ ನನ್ನ ಕೈಯಿಂದ ಅವರನ್ನು ಮುಟ್ಟಿರಲಿಲ್ಲ. ಉಣ್ಣೆಯ ಟೋಪಿ ಆಟೋದಲ್ಲಿ ಉಳಿಯಿತು, ಕನ್ನಡಕ ರೈಲಿನಲ್ಲಿ. ‘ಅಳಿಯಂದಿರು ತರ್ತಾರೆ’ ಎಂದರೆ ಆ ಮನೆಯಲ್ಲಿ ಮಕ್ಕಳೂ ನಗುತ್ತಾರೆ.

ಈ ಸಲ ಬಿಡುವುದಿಲ್ಲ ಎಂದು ಹಟ ತೊಟ್ಟು ಹಿಂದಿನ ದಿನವೇ ಚಾಕುವನ್ನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿ ಬೀಗಿದೆ. ವಿಮಾನದೊಳಗೆ ಚಾಕು ಒಯ್ಯಬಾರದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿ ಅದು ಮಾವನವರ ಸಾಮಾನಾಗಿತ್ತೇ ಹೊರತು ಚಾಕುವಾಗಿರಲಿಲ್ಲ.

ದೆಹಲಿ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಜವಾನ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ‘ಸರ್‌ಜೀ, ಯೇ ಕ್ಯಾ ಹೈ?’

‘ಮೇರೇ ಸಸುರ್‌ಜೀ ಕಾ ಹೈ’ ಎಂದೆ, ಮಾವನವರದು ಎಂದರೆ ಬಿಟ್ಟುಬಿಡುತ್ತಾನೆ ಎಂಬಂತೆ.

ಅವನು ಪಕ್ಕದ ಗಾಜಿನ ಪೆಟ್ಟಿಗೆ ತೋರಿಸಿದ. ಒಳಗೆ ಕತ್ತರಿ, ನೈಲ್‌ಕಟರ್‌ಗಳ ರಾಶಿ. ಇದರಲ್ಲಿ ಹಾಕಿ, ಇಲ್ಲವೇ ವಾಪಸು ಹೋಗಿ ಲಗೇಜಿನಲ್ಲಿ ಕೊಡಿ ಎಂದ. ಕೌಂಟರಿಗೆ ಓಡಿದರೆ ಅಲ್ಲಿನ ಹುಡುಗಿ, ಬರೀ ಚಾಕು ತೆಗೆದುಕೊಳ್ಳುವುದಿಲ್ಲ, ಯಾವುದಾದರೂ ಬ್ಯಾಗಿನಲ್ಲಿ ಹಾಕಿ ತನ್ನಿ ಎಂದಳು. ಇದ್ದ ಒಂದೇ ಬ್ಯಾಗಿನಲ್ಲಿ ಕಚೇರಿಯ ಲ್ಯಾಪ್‌ಟಾಪ್. ಅದನ್ನು ಕಂಕುಳಲ್ಲಿಟ್ಟುಕೊಂಡು ಚೀಲವನ್ನೇ ಕೊಡಬಹುದಿತ್ತಲ್ಲ ಎನ್ನುತ್ತೀರಿ. ನನಗೂ ಹೊಳೆಯಿತು, ಮರುದಿನ.

ಬೆಂಗಳೂರು ವಿಮಾನದ ಸಾಲಿನ ಉದ್ದಕ್ಕೂ ಕನ್ನಡಕ್ಕಾಗಿ ಕಿವಿ ನಿಮಿರಿಸಿಕೊಂಡು ನಡೆದೆ. ಇಬ್ಬರು ತರುಣರು ಕನ್ನಡದಲ್ಲಿ ಹರಟುತ್ತಿದ್ದರು. ‘ಸ್ವಾಮಿ, ನನ್ನದೊಂದು ಚಾಕು ನಿಮ್ಮ ಸೂಟ್‌ಕೇಸಿನಲ್ಲಿ...’ ಎನ್ನುತ್ತಿದ್ದಂತೆ ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದರು. ತಪ್ಪು ಅವರದಲ್ಲ ಬಿಡಿ. ಅಷ್ಟರಲ್ಲಿ ಮುಂದಿನಿಂದ ಒಂದು ದನಿ: ‘ಅಯ್ಯೋ ಭಯ್ಯಾ, ಇದು ಬಾಣಂತಿಗೆ ಕಣಪ್ಪಾ, ತೆಗಿ ಅಂದ್ರೆ ಹೆಂಗೆ ತೆಗೀಲಿ?’

ಹಗ್ಗ ಬಿಗಿದ ಸೂಟ್‌ಕೇಸಿನ ಪಕ್ಕ ಐವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದರು. ಮಗಳ ಬಾಣಂತನಕ್ಕೆ ಹೊರಟವರು. ತೂಕ ಹೆಚ್ಚಾಯಿತೆಂದು ಹತ್ತಿ ತುಂಬಿದ ರಜಾಯಿ ಹೊರಗೆ ತೆಗೆಸಿದ್ದರು; ಅವರ ಕೈಯಲ್ಲಾಗಲೇ ಒಂದು ಚೀಲವಿತ್ತು, ಲ್ಯಾಪ್‌ಟಾಪ್ ಚೀಲ ಬಿಟ್ಟರೆ ಒಳಗೆ ಒಯ್ಯಲು ಅವಕಾಶ ಒಂದಕ್ಕೇ. ನಾನು ನನ್ನ ಗೋಳು ತೋಡಿಕೊಂಡೆ.

‘ಯಾವೂರಪ್ಪಾ ನಿಮ್ದು?’

‘ಅರಸೀಕೆರೆ.’

‘ಅರಸೀಕೆರೇಲಿ ಯಾರ ಪೈಕಿ?’

ನನ್ನ ತಾತನವರೆಗೆ ವಿಚಾರಣೆ ನಡೆಯಿತು. ಚಾಕುವನ್ನು ಬಿಚ್ಚಿ, ಮಡಚಿ ನೋಡಿದರು. ‘ಹಿರೀರ ವಸ್ತು, ಕಸಕ್ಕೆ ಹಾಕಬಾರ್ದು. ಕೊಡಿ ಇಲ್ಲಿ’ ಎಂದು ಸೂಟ್‌ಕೇಸಿನ ಸೀರೆಗಳ ನಡುವೆ ತೂರಿಸಿ ಹಗ್ಗ ಬಿಗಿದರು. ಆಮೇಲೆ ರಜಾಯಿಯನ್ನು ನನ್ನ ಎದೆಗೆ ಒತ್ತಿದರು: ‘ಇದನ್ನ ನೀವು ಹಿಡ್ಕೊಳ್ಳಿ. ನೆಲಕ್ಕೆ ಮುಟ್ಟಿಸ್ಬೇಡಿ, ಎಳೆಗೂಸು ಮಲಗೋದು.’

ಯಾರ ಸ್ವೆಟರನ್ನೂ ಒಯ್ಯದ ನಾನು ಕೆಂಪು ಹೂವಿನ ರಜಾಯಿ ಅಪ್ಪಿಕೊಂಡು ಅದೇ ಜವಾನನ ಮುಂದೆ ನಿಂತೆ. ‘ಅಚ್ಛಾ! ಚಾಕು ಗಯಾ, ರಜಾಯಿ ಆ ಗಯೀ!’ ಎಂದು ಅವನು ನಕ್ಕು ಠಸ್ಸೆ ಒತ್ತಿದ. ಮೂರು ಗಂಟೆ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತೆ. ಕಾಫಿಯನ್ನೂ ಮುಟ್ಟಲಿಲ್ಲ, ಚೆಲ್ಲಿದರೆ ಏನು ಗತಿ?

ಬೆಂಗಳೂರಿನಲ್ಲಿ ಸೂಟ್‌ಕೇಸು ಬಂತು. ಆಯಮ್ಮ ಅಲ್ಲೇ ನೆಲದ ಮೇಲೆ ಕೂತು ಹಗ್ಗ ಬಿಚ್ಚಿದರು. ಚಾಕು ಕೈಗೆ ಬಂದಾಗ ನಾನು ಎಷ್ಟು ಖುಷಿಪಟ್ಟೆನೆಂದರೆ ಅವರ ಕಾಲಿಗೆ ಬೀಳುವುದೊಂದು ಬಾಕಿ. ರಜಾಯಿಯನ್ನು ತಿರುವಿ ತಿರುವಿ ನೋಡಿ, ‘ಒಂದು ಚೂರೂ ಕೊಳೆ ಮಾಡಿಲ್ಲ’ ಎಂದು ಮೆಚ್ಚಿಕೊಂಡು ಅವರು ಹೊರಟರು.

ಮೀಟಿಂಗ್ ಮುಗಿಸಿ, ಎದೆಯುಬ್ಬಿಸಿಕೊಂಡು ಮಾವನವರ ಮನೆಗೆ ನುಗ್ಗಿದೆ. ಮೇಜಿನ ಮೇಲೆ ಚಾಕು ಇಟ್ಟು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಸ್ವಲ್ಪ ಉಪ್ಪುಖಾರ ಸೇರಿಸಿಯೇ ಎಲ್ಲ ವರ್ಣಿಸಿದೆ. ಮಾವನವರು ಕಿತ್ತಳೆ ಸುಲಿಯುತ್ತ ಪೂರ್ತಿ ಕೇಳಿದರು. ಒಂದು ತೊಳೆ ಬಾಯಿಗೆ ಹಾಕಿಕೊಂಡು ಹೇಳಿದರು:

‘ಅಲ್ಲ, ಚಾಕು ತಂದಿದ್ದು ಆಯಮ್ಮ. ನೀವು ತಂದಿದ್ದು ರಜಾಯಿ.’

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಎದೆ ಇಳಿಸಲಿಲ್ಲ. ಯಾರದಾದರೇನು, ನಾನು ಒಂದು ವಸ್ತುವನ್ನು ತಲುಪಿಸಿದ್ದೇನೆಂದು ಮಾವನವರು ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ, ಅದೂ ಸಾಕ್ಷಿಗಳ ಮುಂದೆ, ಒಪ್ಪಿಕೊಂಡಿದ್ದರು!