ಬಸವನಹುಳುವಿಗೆ ಕಜ್ಜಾಯದ ಎಣ್ಣೆ

ನೀವಾದರೂ ನಂಬಬೇಕು, ನಾನು ಮಾಡಿದ್ದು ವಿಜ್ಞಾನ! (ಎರಡನೇ ವರ್ಷದ ಬಯೋಟೆಕ್ನಾಲಜಿ ಕಣ್ರೀ. ಆದರೂ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ.) ಹೂಡಿ ಬಡಾವಣೆಯಲ್ಲಿ ನಾಲ್ಕು ಅಪಾರ್ಟ್‌ಮೆಂಟುಗಳ ನಡುವೆ ಹಸಿರು ಅಂತ ಉಳಿದಿರುವುದು ನಮ್ಮ ಬೈರಮ್ಮಜ್ಜಿಯ ದಂಟಿನ ಸೊಪ್ಪಿನ ಮಡಿ ಒಂದೇ. ಅದನ್ನೂ ಮುಷ್ಟಿಗಾತ್ರದ ಬಸವನಹುಳುಗಳು ಎರಡು ಸಲ ಮೇದು ಮುಗಿಸಿದ್ದವು; ಅಜ್ಜಿ ಮೂರನೇ ಸಲ ಬಿತ್ತಿದ್ದಳು.

"ಅವ್ವ, ಭಾನುವಾರ ಬಂದು ನೋಡ್ತೀನಿ. ಈ ಸಲಾನೂ ಸೊಪ್ಪಿಲ್ಲ ಅಂದ್ರೆ ಜಾಗ ಕಾರ್ ಪಾರ್ಕಿಂಗ್‌ಗೆ," ಅಂದುಬಿಟ್ಟ ಮುರಳಿ ಚಿಕ್ಕಪ್ಪ.

ಅಜ್ಜಿ ಅವತ್ತು ಊಟ ಬಿಟ್ಟಳು. ಶನಿವಾರ ಮೊಬೈಲಿನಲ್ಲಿ ಹುಡುಕಿದರೆ, ಆಹಾ, ಬ್ರಹ್ಮಾಸ್ತ್ರ! ಕರಿದು ಉಳಿದ ಎಣ್ಣೆಯನ್ನು ಮಡಿಯ ಸುತ್ತ ಸುರಿದರೆ ಹುಳು ದಾಟುವುದೇ ಇಲ್ಲವಂತೆ! ದೀಪಾವಳಿ ಮುಗಿದು ಎರಡೇ ದಿನ, ಬಾಣಲೆ ತುಂಬಾ ಎಣ್ಣೆ. ತಳದ ಕಪ್ಪು ಚೂರುಗಳನ್ನೂ ಬಿಡದೆ ಬಳಿದೊಯ್ದು, ಸಂಜೆ ಸುತ್ತಲೂ ಸುರಿದೆ.

ಭಾನುವಾರ ಬೆಳಗ್ಗೆ ಓಡಿಹೋಗಿ ನೋಡಿದರೆ ಎಣ್ಣೆಯ ಗೆರೆಯೇ ಕಾಣುತ್ತಿಲ್ಲ! ಅದರ ಮೇಲೆಲ್ಲ ಹುಳುಗಳು. ನಮ್ಮವಷ್ಟೇ ಅಲ್ಲ, ನಾಲ್ಕೂ ಅಪಾರ್ಟ್‌ಮೆಂಟಿನವು ಸಕುಟುಂಬ ಸಪರಿವಾರ ಬಂದು ಪಂಕ್ತಿಯಲ್ಲಿ ಕೂತಿದ್ದವು.

"ಅಜ್ಜೀ! ನಾನು ಎಣ್ಣೆ ಸುರಿದೆ..."

"ಯಾವ್ ಎಣ್ಣೆನೇ?"

"ಬಾಣಲೇದು."

"ಅಯ್ಯೋ ಮಂಕೇ, ಅದು ಕಜ್ಜಾಯ ಕರಿದಿದ್ದು! ತಳದಾಗೆ ಪೂರಾ ಬೆಲ್ಲ! ಈ ಉಳಾನ ಕರೆಯಾಕೇ ಬೆಲ್ಲ ಇಡ್ತಾರೆ ಕಣೇ. ನಿನ್ ಇಂಗ್ಲೀಷ್‌ನಾಗೆ ಅದ್ನ ಬರ್ದಿಲ್ವಾ?"

ಗೇಟಿನಲ್ಲಿ ಚಿಕ್ಕಪ್ಪನ ಬೈಕ್ ನಿಂತ ಸದ್ದು. ಪಾರ್ಕಿಂಗ್ ಗ್ಯಾರಂಟಿ!

ಅಜ್ಜಿ ಮಾತ್ರ ಬಗ್ಗಿ ಮಡಿಯೊಳಗೆ ಕಣ್ಣಾಡಿಸಿದಳು. ಒಂದೆಲೆಗೂ ತೂತಿಲ್ಲ. ಬೆಲ್ಲ ಸಿಕ್ಕ ಮೇಲೆ ಸೊಪ್ಪು ಯಾರಿಗೆ ಬೇಕು?

"ಏನವ್ವ, ಸೊಪ್ಪು ಸಕ್ಕತ್ತಾಗೈತೆ!" ಅಂದ ಚಿಕ್ಕಪ್ಪ, ಬೆಪ್ಪಾಗಿ.

"ಎಲ್ಲಾ ನಿಮ್ಮಣ್ಣನ ಮಗಳ ಬುದ್ಧಿ ಕಣ್ಲಾ. ಉಳಾನೆಲ್ಲಾ ಒಂದ್ ಕಡೀಕೆ ಕರ್ಸವ್ಳೆ. ಇನ್ಮ್ಯಾಕೆ ದಿನಾ ಆಯೋದೂ ಇವಳೇಯ."

ಚಿಕ್ಕಪ್ಪ ನನ್ನ ಬೆನ್ನು ತಟ್ಟಿದ. ಪಾರ್ಕಿಂಗ್ ರದ್ದು! ಕುಣಿಯಬೇಕು ಅನ್ನುವಷ್ಟರಲ್ಲಿ ಅಜ್ಜಿ ಆಯ್ದ ಹುಳು ಹಾಕಲು ಉಪ್ಪುನೀರಿನ ಬಕೆಟ್ಟು ತಂದು ನನ್ನ ಕಾಲ ಬಳಿ ಇಟ್ಟಳು. (ಲ್ಯಾಬಿನಲ್ಲಿ ಎರೆಹುಳು ಕಂಡರೂ ಕಿರುಚುವವಳು ನಾನು.)

"ಅಜ್ಜೀ... ಗ್ಲೌಸ್?"

"ಎಣ್ಣೇಲಿ ಮುಳುಗ್ಯವೆ, ಕೈಗೆ ಅಂಟಾಕಿಲ್ಲ. ಬಗ್ಗು ಕಣೇ!"