ಚಿಕ್ಕಮ್ಮನ ಸ್ಟೆಪ್ನಿ ಡಿಸ್ಕು

ನಮ್ಮ ಚಿಕ್ಕಮ್ಮನ ಬಳಿ ಯಾವ ವಸ್ತುವೂ ಒಂಟಿಯಾಗಿರುವಂತಿಲ್ಲ. ಕನ್ನಡಕ ಎರಡು, ಬೀಗದ ಕೈ ಮೂರು. ಯಳಂದೂರಿಗೆ ಬಸ್ಸು ಹತ್ತಿದರೂ ಚೀಲದಲ್ಲಿ ಇನ್ನೊಂದು ಜೊತೆ ಚಪ್ಪಲಿ. "ನಾನೊಬ್ನೇ ಇರೋದು ಕಾನೂನಿನ ದಯೆ ಕಣಪ್ಪ" ಎನ್ನುತ್ತಾರೆ ಚಿಕ್ಕಪ್ಪ.

ಇಂಥವಳು ಕೊಳ್ಳೇಗಾಲದ ಒಂದು ಫೋಟೊ ಸ್ಟುಡಿಯೋದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು, ಹಾಗಾಗಿ ಎಲ್ಲಕ್ಕೂ ನಾನೇ ಸಾಕ್ಷಿ. ಹನೂರು, ಯಳಂದೂರು ಕಡೆಯ ಮದುವೆ, ನಾಮಕರಣದ ಚಿತ್ರಗಳೆಲ್ಲ ಅಲ್ಲಿ ಕಂಪ್ಯೂಟರಿಗೆ ಜೋಡಿಸಿದ ಒಂದು ಪೆಟ್ಟಿಗೆಯಲ್ಲಿವೆ. ಅದರೊಳಗೆ ಆರು ಹಾರ್ಡ್ ಡಿಸ್ಕು. ಐದು ದುಡಿಯುತ್ತವೆ, ಆರನೆಯದು ಸುಮ್ಮನೆ ಕೂತಿರುತ್ತದೆ. ಐದರಲ್ಲೊಂದು ಕೆಟ್ಟರೆ ಇದು ತಾನಾಗಿ ಆ ಜಾಗಕ್ಕೆ ನಿಂತು, ಉಳಿದ ನಾಲ್ಕನ್ನು ಓದಿ, ಹೋದದ್ದನ್ನೆಲ್ಲ ಮತ್ತೆ ಬರೆದುಕೊಳ್ಳುತ್ತದೆ. ಹಾಟ್ ಸ್ಪೇರ್ ಎಂದು ಅದರ ಹೆಸರು.

ಸ್ಟುಡಿಯೋ ಯಜಮಾನರಿಗೆ ಅದನ್ನು ಕಂಡರೆ ಕಣ್ಣುರಿ.

"ಮದ್ವೆ ಮುಗುದ್ರೂ ಓಗದೆ ಇರೋ ನೆಂಟನ್ ಅಂಗೆ ಕೂತದಲ್ಲವ್ವ. ಅದ್ಕೂ ಫೋಟೊ ತುಂಬು."

"ಬಸ್ಸಲ್ಲಿ ಸ್ಟೆಪ್ನಿ ಮಡ್ಗಿರೋದು ಅದ್ರ ಮ್ಯಾಲೆ ಜನ ಕೂರ್ಸಕ್ಕಾ ಸಾ?"

ಹೋದ ಮದುವೆ ಕಾಲದಲ್ಲಿ ಒಂದು ಬೆಳಿಗ್ಗೆ ಪೆಟ್ಟಿಗೆ ಕೀಂಯ್ ಎಂದು ಕೂಗಿತು. ಮೂರನೆಯ ಡಿಸ್ಕಿಗೆ ಕೆಂಪು ದೀಪ. ಓಡಿಬಂದ ಯಜಮಾನರು ಗಾಬರಿಯಲ್ಲಿ ನಾಲ್ಕನೆಯದನ್ನು ಎಳೆಯಲು ಕೈಹಾಕಿದರು. ಸಂಬಳ ಕೊಡುವ ಆ ಕೈಗೆ ಚಿಕ್ಕಮ್ಮ ಸ್ಕೇಲಿನಿಂದ ಫಟ್ಟನೆ ಬಾರಿಸಿದಳು!

"ಒಂದ್ ಕೆಟ್ರೆ ತಡೀತದೆ. ಎಲ್ಡಾದ್ರೆ ಮೂರ್ ತಾಲ್ಲೂಕ್ನೋರ್ ಮದ್ವೆನೂ ಓಯ್ತದೆ ಸಾ."

ಅಷ್ಟರಲ್ಲಿ ಆರನೆಯದು ಕೆಲಸಕ್ಕೆ ಇಳಿದಿತ್ತು. ಪರದೆಯ ಮೇಲೆ ಒಂದು ಪರ್ಸೆಂಟು, ಎರಡು ಪರ್ಸೆಂಟು. ನೂರಾಗುವವರೆಗೆ ಇನ್ನೊಂದು ಡಿಸ್ಕು ಕೆಡಬಾರದು. ಚಿಕ್ಕಮ್ಮ ಆ ಕೋಣೆಯನ್ನು ಬಾಣಂತಿ ಕೋಣೆ ಮಾಡಿಬಿಟ್ಟಳು. ಯಾರೂ ಒಳಗೆ ಬರುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ, ಹೊಸ ಫೋಟೊ ತುಂಬುವ ಮಾತೇ ಇಲ್ಲ. ಯಜಮಾನರು ತಮ್ಮದೇ ಸ್ಟುಡಿಯೋದಲ್ಲಿ ತುದಿಗಾಲಲ್ಲಿ ಓಡಾಡಿದರು, ಸೀನು ಬಂದರೆ ರಸ್ತೆಗೆ ಹೋದರು. ಮರುದಿನ ಎಂಬತ್ತೇಳಕ್ಕೆ ಬಂದಾಗ ಕರೆಂಟು ಹೋಯಿತು. ಯಜಮಾನರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. ಯುಪಿಎಸ್ಸು ಎಷ್ಟಿತ್ತೆಂದು ಹೇಳಬೇಕೆ? ಎರಡು!

ಮಧ್ಯಾಹ್ನ ನೂರಾಯಿತು. ಒಂದೇ ಒಂದು ಫೋಟೊ ಹೋಗಿರಲಿಲ್ಲ. ಯಜಮಾನರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಕೆಟ್ಟದ್ದನ್ನು ತೆಗೆದು ಹೊಸ ಡಿಸ್ಕು ಹಾಕಿದಾಗ, "ಇದು ಸುಮ್ನೆ ಕೂರೋದು ತಾನೆ? ಕೂತ್ಕಳ್ಲಿ ಬುಡಿ, ಯಾರೂ ಮುಟ್ಬೇಡಿ" ಎಂದು ತಾವೇ ಕಾವಲಿಗೆ ನಿಂತರು. ಚಿಕ್ಕಮ್ಮ ಒಂದು ವಾರ ಕುಸ್ತಿ ಗೆದ್ದ ಪೈಲ್ವಾನನ ಹಾಗೆ ನಡೆದಳು.

ಆ ವಾರದ ಕೊನೆಗೆ ಕೌದಳ್ಳಿಯಿಂದ ಒಬ್ಬ ರೈತ ಬಂದ. ಅವನ ತಾಯಿ ತೀರಿಕೊಂಡಿದ್ದಳು. ಮನೆಯಲ್ಲಿ ಅವಳದೊಂದೂ ಫೋಟೊ ಇರಲಿಲ್ಲ. "ತಂಗಿ ಮದ್ವೇಲಿ ಎಲ್ಲಾರ ಸಿಕ್ಕವ್ಳಾ ನೋಡಕ್ಕ" ಎಂದ.

ಚಿಕ್ಕಮ್ಮ ಅವನು ಹೇಳಿದ ಗುರುತು ಹಿಡಿದು ಬಹಳ ಹೊತ್ತು ಹುಡುಕಿದಳು. ಕೊನೆಗೆ ಊಟದ ಸಾಲಿನ ಚಿತ್ರವೊಂದರ ಅಂಚಿನಲ್ಲಿ, ಅನ್ನದ ಬಕೆಟ್ಟು ಹಿಡಿದು ಯಾರಿಗೋ ನಗುತ್ತಿದ್ದ ಮುದುಕಿ ಸಿಕ್ಕಳು. ಆ ಮುಖವನ್ನು ದೊಡ್ಡದು ಮಾಡಿ, ಪರದೆಯನ್ನು ಅವನತ್ತ ತಿರುಗಿಸಿದಳು. ತನ್ನ ಕುರ್ಚಿಯನ್ನು ಅವನಿಗೆ ಬಿಟ್ಟು, ಬಾಗಿಲೆಳೆದುಕೊಂಡು ಹೊರಗೆ ಬಂದಳು.

"ಪ್ರಿಂಟು ತೆಗೆಯಲ್ವಾ ಚಿಕ್ಕಮ್ಮ?" ಎಂದೆ.

"ತಡ್ಕಳ್ಲಾ" ಎಂದಳು ಮೆಲ್ಲಗೆ. "ವಸಿ ವೊತ್ತು ಅವ್ವನ್ ತಾವ ಕೂತಿರ್ಲಿ."